ಡಿಸ್ನಿ ವರ್ಲ್ಡ್‌ಗೆ ಆರು ಜನ, 4,500 ಡಾಲರ್ ಬಜೆಟ್, ಮತ್ತೆ ಈ ಟಿಪ್ಸ್ ಅನ್ನೋ ತಲೆನೋವು

ಮೊದ್ಲೇ ಹೇಳ್ಬಿಡ್ತೀನಿ, ನಾವು ಹೋಗಿದ್ದು 2025ರ ಜನವರಿ ಕೊನೆ ವಾರ, ಹಾಗಾಗಿ ಇಲ್ಲಿ ಬರೆದಿರೋ ರೇಟೆಲ್ಲ ಆಗಿಂದು. ಇವ್ರು ವರ್ಷ ವರ್ಷ ಏರಿಸ್ತಾನೇ ಇರ್ತಾರೆ, ನೀವು ಹೋಗೋವಾಗ ಸ್ವಲ್ಪ ಮೇಲಕ್ಕೇ ಲೆಕ್ಕ ಹಾಕ್ಕೊಳ್ಳಿ. ನಾವಿರೋದು ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ, ಅಟ್ಲಾಂಟಾ ಹತ್ರ. ಅತ್ತೆ ಮಾವ ಸಾಗರದಿಂದ ಆರು ತಿಂಗಳಿಗೆ ಅಂತ ಬಂದಿದ್ರು, ಮಾರ್ಚ್‌ನಲ್ಲಿ ವಾಪಸ್ ಹೊರಡೋರು, ಅಷ್ಟರೊಳಗೆ ಒಂದು ದೊಡ್ಡ ಟ್ರಿಪ್ ಮಾಡ್ಬೇಕು ಅಂತ ನಮ್ಮೆಜಮಾನ್ರಿಗೆ ಆಸೆ. ನಯಾಗರಾ ಅಂದ್ರೆ ಆ ಚಳೀಲಿ ಯಾರು ಹೋಗ್ತಾರೆ, ಸರಿ ಅಂತ ಫ್ಲೋರಿಡಾದ ಒರ್ಲ್ಯಾಂಡೊ ಡಿಸ್ನಿ ವರ್ಲ್ಡ್ ಫಿಕ್ಸ್ ಆಯ್ತು. ನಾವಿಬ್ರು, ಅತ್ತೆ ಮಾವ, ಒಂಬತ್ತು ವರ್ಷದ ಮಗಳು, ಎರಡು ವರ್ಷ ಹತ್ತು ತಿಂಗಳ ಮಗ, ಒಟ್ಟು ಆರು ಜನ. ಈ ಆರು ಅನ್ನೋ ನಂಬರ್ ನೆನಪಿಟ್ಕೊಳ್ಳಿ, ಮುಂದೆ ಟಿಪ್ಸ್ ವಿಷ್ಯದಲ್ಲಿ ಬೇಕಾಗತ್ತೆ.

ಮಕ್ಕಳ ವಯಸ್ಸನ್ನ ಅಷ್ಟು ಕರೆಕ್ಟಾಗಿ ಯಾಕೆ ಹೇಳ್ದೆ ಅಂದ್ರೆ ಅದೇ ಈ ಟ್ರಿಪ್‌ನಲ್ಲಿ ನಾವು ಮಾಡಿದ ಅತಿ ದೊಡ್ಡ ಉಳಿತಾಯ. ಇಲ್ಲಿ ಮೂರು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ಟೇ ಬೇಡ, ಮೂರರಿಂದ ಒಂಬತ್ತರವರೆಗೆ ಮಕ್ಕಳ ಟಿಕೆಟ್, ಹತ್ತು ತುಂಬಿತೋ ಡಿಸ್ನಿ ಲೆಕ್ಕದಲ್ಲಿ ದೊಡ್ಡೋರು. ಮಕ್ಕಳ ಟಿಕೆಟ್‌ಗೂ ದೊಡ್ಡೋರ ಟಿಕೆಟ್‌ಗೂ ಅಂಥಾ ಭಾರಿ ವ್ಯತ್ಯಾಸ ಏನಿಲ್ಲ, ಐದೋ ಹತ್ತೋ ಡಾಲರ್ ಅಷ್ಟೇ, ಆದ್ರೆ ಫ್ರೀ ಅನ್ನೋದು ಫ್ರೀನೇ ಅಲ್ವಾ, ಪುಟ್ಟನ ಹುಟ್ಟುಹಬ್ಬ ಮಾರ್ಚ್‌ನಲ್ಲಿ, ಎರಡು ತಿಂಗಳು ತಡ ಮಾಡಿದ್ರೆ ಇನ್ನೊಂದು ಐನೂರು ಡಾಲರ್ ಕೈಬಿಡೋದು. ಮಾವ ಅಂತೂ ಎಪ್ಪತ್ತರ ಮೇಲಿನೋರಿಗೆ ಕನ್ಸೆಶನ್ ಇರ್ಲೇಬೇಕು, ಸರಿಯಾಗಿ ಹುಡುಕು ಅಂತ ಎರಡು ಸಲ ಹೇಳಿದ್ರು. ಇಲ್ಲ ಮಾವ, ಸೀನಿಯರ್ ಸಿಟಿಜನ್ ರೇಟ್ ಇಲ್ಲಿಲ್ಲ ಅಂದ್ರೆ, ಎಂಥ ಊರು ಮಾರಾಯ್ತಿ ಇದು ಅಂದ್ರು.

ಟಿಕೆಟ್ ರೇಟ್ ದಿನದ ಮೇಲೆ ಹೋಗತ್ತೆ. ಒಂದು ದಿನದ್ದು ಆಗ 119ರಿಂದ ಶುರುವಾಗಿ ಕ್ರಿಸ್ಮಸ್ ಹೊತ್ತಿಗೆ 200ರ ಹತ್ರ ಹೋಗ್ತಿತ್ತು, ಅದ್ಕೇ ಜನವರಿ ಕೊನೆ ವಾರ ಆರಿಸಿದ್ದು, ಮಾರ್ಟಿನ್ ಲೂಥರ್ ಕಿಂಗ್ ಹೆಸರಿನ ರಜಾ ವೀಕೆಂಡ್ ಮುಗಿದಿರತ್ತೆ, ಪ್ರೆಸಿಡೆಂಟ್ಸ್ ಡೇ ರಜಾ ಇನ್ನೂ ಬಂದಿರಲ್ಲ. ಮಗಳಿಗೆ ನಾಲ್ಕು ದಿನ ಸ್ಕೂಲ್ ತಪ್ಪಿಸಿದ್ವಿ, ಅದು ತಪ್ಪು ಅನ್ನೋರಿಗೆ ನಾನೇನೂ ಎದುರು ಹೇಳಲ್ಲ. ನಮ್ಮಿಬ್ರಿಗೂ ಮಗಳಿಗೂ ನಾಲ್ಕು ದಿನದ್ದು, ಅತ್ತೆ ಮಾವಂಗೆ ಎರಡೇ ದಿನದ್ದು. ಇದು ತುಂಬಾ ಮುಖ್ಯ, ದಯವಿಟ್ಟು ಎಲ್ರಿಗೂ ನಾಲ್ಕು ದಿನದ ಟಿಕೆಟ್ ತಗೋಬೇಡಿ, ವಯಸ್ಸಾದೋರಿಗೆ ನಾಲ್ಕೂ ಪಾರ್ಕ್ ಸುತ್ತೋ ಆಸೆನೂ ಇರಲ್ಲ, ಕಾಲೂ ಇರಲ್ಲ. ಮ್ಯಾಜಿಕ್ ಕಿಂಗ್‌ಡಮ್ ಒಂದು, ಅನಿಮಲ್ ಕಿಂಗ್‌ಡಮ್ ಒಂದು, ಅವ್ರಿಗೆ ಅಷ್ಟು ಸಾಕು. ಎಪ್ಕಾಟ್ ಮತ್ತೆ ಹಾಲಿವುಡ್ ಸ್ಟುಡಿಯೋಸ್‌ಗೆ ಹೋದ ಎರಡು ದಿನ ಅವ್ರು ಮನೇಲೇ ಪುಟ್ಟನ್ನ ನೋಡ್ಕೊಂಡು ಹಿತ್ಲಲ್ಲಿ ಬಿಸಿಲು ಕಾಯಿಸ್ಕೊಂಡು ಆರಾಮಾಗಿದ್ರು, ನಾವೂ ಯಾವ ರೈಡ್‌ನೂ ಬಿಡದೆ ಹೋದ್ವಿ. ಟಿಕೆಟ್ ಒಟ್ಟು 2,250 ಆಯ್ತು, ಟ್ಯಾಕ್ಸ್ ಸೇರಿ.

ಇರೋದಕ್ಕೆ ಡಿಸ್ನಿ ಪಕ್ಕದ ಊರು ಕಿಸಿಮ್ಮಿ ಕಡೆ ಮೂರು ಬೆಡ್‌ರೂಮಿನ ಬಾಡಿಗೆ ಮನೆ ತಗೊಂಡ್ವಿ, ಐದು ರಾತ್ರಿಗೆ. ರಾತ್ರಿಗೆ 145 ಅಂತ ತೋರ್ಸಿತು, ಒಳ್ಳೆ ಡೀಲ್ ಅನ್ಕೊಂಡು ಒತ್ತಿದ್ರೆ ಕ್ಲೀನಿಂಗ್ ಫೀ 150, ಸರ್ವಿಸ್ ಫೀ 85, ಆಮೇಲೆ ಅದ್ರ ಮೇಲೆ ಟ್ಯಾಕ್ಸ್ ಹದಿಮೂರೂವರೆ ಪರ್ಸೆಂಟ್, ಕಿಸಿಮ್ಮಿ ಇರೋ ಆಸಿಯೋಲಾ ಕೌಂಟಿ ರೇಟ್ ಅದು. 725 ಅಂತ ತಲೇಲಿದ್ದದ್ದು 1,090 ಆಗಿ ಕೂತ್ಕೊಳ್ತು. ನಾನು ಕಲಿತ ಪಾಠ, ದಿನದ ಬಾಡಿಗೆ ನೋಡ್ಲೇಬಾರ್ದು, ನೇರವಾಗಿ ಕೊನೆ ಪೇಜಿಗೆ ಹೋಗಿ ಟೋಟಲ್ ನೋಡ್ಬೇಕು. ಆದ್ರೂ ಡಿಸ್ನಿ ಒಳಗಿನ ಹೋಟ್ಲಲ್ಲಿ ಆರು ಜನಕ್ಕೆ ಎರಡು ರೂಮ್ ತಗೊಳ್ಳೋದಕ್ಕಿಂತ ಇದೇ ವಾಸಿ, ಮುಖ್ಯವಾಗಿ ಅಡುಗೆಮನೆ ಇರತ್ತೆ. ಒಳಗಿನ ಹೋಟ್ಲಲ್ಲಿದ್ರೆ ದಿನಾ ಅರ್ಧ ಗಂಟೆ ಮುಂಚೆ ಪಾರ್ಕ್ ಒಳಗೆ ಬಿಡ್ತಾರೆ, ಪಾರ್ಕಿಂಗ್ ದುಡ್ಡಿಲ್ಲ, ಬಸ್ಸು ಫ್ರೀ, ಅದೆಲ್ಲ ನಿಜ. ಗಂಡ ಹೆಂಡ್ತಿ ಒಂದು ಮಗು ಅಷ್ಟೇ ಆಗಿದ್ರೆ ನಾನೂ ಅಲ್ಲೇ ಇರ್ತಿದ್ನೇನೋ. ಆದ್ರೆ ಅತ್ತೆಗೆ ಬೆಳಿಗ್ಗೆ ಎದ್ದು ತಮ್ಮ ಕೈಯಾರೆ ಕಾಫಿ ಮಾಡ್ಕೊಳ್ಳೋಕೆ ಒಲೆ ಇಲ್ಲ ಅಂದ್ರೆ ಇಡೀ ದಿನ ಸರಿ ಹೋಗಲ್ಲ.

ಊಟದ ವಿಷ್ಯಕ್ಕೆ ಬಂದ್ರೆ ಇದು ನಮ್ಮೋರಿಗೆ ಬಹಳ ಜನಕ್ಕೆ ಗೊತ್ತಿಲ್ಲ, ಡಿಸ್ನಿ ವರ್ಲ್ಡ್ ಒಳಗೆ ಮನೆ ಊಟ ತಗೊಂಡು ಹೋಗ್ಬಹುದು! ಬಿಡದಿ ವಂಡರ್‌ಲಾದಲ್ಲಿ ಹೊರಗಿನ ತಿಂಡಿ ಬಿಡಲ್ಲ, ಆ ಅಭ್ಯಾಸದಲ್ಲಿ ಇಲ್ಲೂ ಹಾಗೇ ಇರತ್ತೆ ಅನ್ಕೊಂಡಿದ್ದೆ. ಇಲ್ಲಿ ಗಾಜಿನ ಬಾಟ್ಲಿ ಬೇಡ, ಬಿಡಿ ಐಸ್ ಬೇಡ, ಮದ್ಯ ಬೇಡ, ತೀರಾ ದೊಡ್ಡ ಕೂಲರ್ ಬೇಡ, ಅಷ್ಟೇ ಕಂಡೀಶನ್ನು. ಮಾವ ಊರಿಂದ ತಂದಿದ್ದ ಅಪ್ಪೆಮಿಡಿ ಉಪ್ಪಿನಕಾಯಿ ಗಾಜಿನ ಭರಣೀಲಿತ್ತು, ಹಿಂದಿನ ರಾತ್ರೀನೇ ಅದನ್ನ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ಅದಕ್ಕೊಂದು ಕವರ್, ಆ ಕವರ್‌ಗೆ ಇನ್ನೊಂದು ಕವರ್ ಸುತ್ತಿ ಇಟ್ಕೊಂಡ್ರು. ಮೊದಲ್ನೇ ದಿನ ಪುಳಿಯೋಗರೆ, ಎರಡನೇ ದಿನ ಚಪಾತಿ ರೋಲ್, ಮೂರನೇ ದಿನ ಚಿತ್ರಾನ್ನ. ಸಿಂಡ್ರೆಲಾ ಕ್ಯಾಸಲ್ ಎದುರಿಗೆ ಕೂತು ಮಿಡಿ ನಂಜ್ಕೊಂಡು ಪುಳಿಯೋಗರೆ ತಿಂದಿರೋ ಫ್ಯಾಮಿಲಿ ನಮ್ದೊಂದೇ ಇರ್ಲಿಕ್ಕಿಲ್ಲ, ಆದ್ರೂ ಆ ಖುಷಿನೇ ಬೇರೆ. ಕುಡಿಯೋ ನೀರಿಗೂ ದುಡ್ಡು ಕೊಡ್ಬೇಡಿ, ಕೌಂಟರ್ ಇರೋ ಯಾವ ತಿಂಡಿ ಅಂಗಡೀಲಿ ಕೇಳಿದ್ರೂ ಒಂದು ಲೋಟ ಐಸ್ ವಾಟರ್ ಪುಕ್ಕಟೆ ಕೊಡ್ತಾರೆ. ದಿನಸಿಗೆ 140, ಪಾರ್ಕ್ ಒಳಗಿನ ಚಿಲ್ಲರೆ ತಿಂಡಿಗೆ 260 ಆಯ್ತು. ಮಿಕ್ಕಿ ಕಿವಿ ಇರೋ ಐಸ್‌ಕ್ರೀಮ್ ಒಂದಕ್ಕೆ ಆರು ಡಾಲರ್ ಮೇಲೆ, ಅದನ್ನ ಬೇಡ ಅನ್ನೋಕೆ ಆಗಲ್ಲ, ಒಂದೊಂದು ದಿನ ಒಂದೊಂದು ಅಂತ ಮೊದ್ಲೇ ಮಾತಾಡ್ಕೊಳ್ಳಿ.

ಪಾರ್ಕಿಂಗ್ ದಿನಕ್ಕೆ 30, ನಾಲ್ಕು ದಿನಕ್ಕೆ 120, ಇದನ್ನ ನಮ್ಮೆಜಮಾನ್ರು ಬಜೆಟ್ ಶೀಟಲ್ಲಿ ಹಾಕೋದೇ ಮರ್ತಿದ್ರು. ಪೆಟ್ರೋಲು, ಟೋಲ್ ಸೇರಿ 160. ಜಾರ್ಜಿಯಾದ ಟೋಲ್ ಟ್ಯಾಗ್ ಪೀಚ್ ಪಾಸ್ ಫ್ಲೋರಿಡಾ ಟೋಲ್‌ಗಳಲ್ಲೂ ನಡೆಯತ್ತೆ, ಅಲ್ಲಿ ಹೋಗಿ ಬೇರೆ ಟ್ಯಾಗ್ ತಗೊಳ್ಳೋ ಅಗತ್ಯ ಇಲ್ಲ. ಹೋಗೋವಾಗ ಒಂದೇ ಏಟಿಗೆ ಏಳು ಗಂಟೆ ಅತ್ತೆಗೆ ಕಷ್ಟ ಅಂತ ವಾಲ್ಡೋಸ್ಟಾದಲ್ಲಿ ಒಂದು ರಾತ್ರಿ ಎರಡು ರೂಮ್ ತಗೊಂಡ್ವಿ, 190. ಲೈನಲ್ಲಿ ಕಾಯೋದು ತಪ್ಪಿಸೋ ಲೈಟ್ನಿಂಗ್ ಲೇನ್ ಮಲ್ಟಿ ಪಾಸ್ ಅಂತ ಒಂದಿದೆ, ಅದರ ರೇಟೂ ದಿನ, ಪಾರ್ಕ್ ನೋಡ್ಕೊಂಡು ಏರಿಳಿಯತ್ತೆ. ನಾವು ಮ್ಯಾಜಿಕ್ ಕಿಂಗ್‌ಡಮ್‌ಗೆ ಮಾತ್ರ, ಅದೂ ರೈಡ್ ಹತ್ತೋ ಮೂರೇ ಜನಕ್ಕೆ ತಗೊಂಡ್ವಿ, 93 ಡಾಲರ್. ಹೊರಗಡೆ ಇರೋರು ಮೂರು ದಿನ ಮುಂಚೆ ಬುಕ್ ಮಾಡ್ಬಹುದು, ಡಿಸ್ನಿ ಹೋಟ್ಲಲ್ಲಿರೋರು ಏಳು ದಿನ ಮುಂಚೆ. ಜನವರಿ ಕೊನೇಲಿ ಬೇರೆ ಮೂರು ಪಾರ್ಕಿಗೆ ಅದು ಬೇಕಾಗ್ಲಿಲ್ಲ, ಬೆಳಿಗ್ಗೆ ಗೇಟ್ ತೆಗೆಯೋಕೆ ಅರ್ಧ ಗಂಟೆ ಮುಂಚೆ ನಿಂತ್ಕೊಂಡ್ರೆ ಹನ್ನೊಂದರ ಹೊತ್ತಿಗೆ ದೊಡ್ಡ ರೈಡೆಲ್ಲ ಮುಗಿದಿರತ್ತೆ.

ಸರಿ, ಈಗ ಟಿಪ್ಸ್.

ಬಜೆಟ್ ಮಾಡೋವಾಗ ನಾನು ಟಿಪ್ಸ್‌ಗೆ ಅಂತ 80 ಡಾಲರ್ ಬೇರೆ ಎತ್ತಿಟ್ಟೆ, ಅದ್ರಲ್ಲಿ 40ನ್ನ ಒಂದು ಡಾಲರ್, ಐದು ಡಾಲರ್ ನೋಟ್ ಮಾಡ್ಸಿ ಒಂದು ಕವರ್‌ಗೆ ಹಾಕಿ ಮಾವನ ಕೈಗೆ ಕೊಟ್ಟೆ, ನೀವೇ ಇದ್ರ ಖಜಾಂಚಿ ಅಂತ. ಹಾಗೆ ಮಾಡದೆ ಬೇರೆ ದಾರಿ ಇರ್ಲಿಲ್ಲ, ಯಾಕಂದ್ರೆ ಬಂದಾಗಿಂದ ಎಲ್ಲಿ ಹೋಟ್ಲಿಗೆ ಹೋದ್ರೂ ಅವ್ರಿಗೆ ಇದೇ ಸಂಕಟ. ನಮ್ಮೂರಲ್ಲಿ ದರ್ಶಿನೀಲಿ ನಿಂತು ತಿಂದ್ರೆ ಟಿಪ್ಸ್ ಪ್ರಶ್ನೆನೇ ಇಲ್ಲ, ಕೂತು ತಿಂದ್ರೆ ಸೋಂಪಿನ ತಟ್ಟೇಲಿ ಬಂದ ಚಿಲ್ಲರೆ ಬಿಟ್ಟು ಎದ್ರೆ ಆಯ್ತು. ಇಲ್ಲಿ ನೂರು ಡಾಲರ್ ಬಿಲ್‌ಗೆ ಹದಿನೆಂಟು ಇಪ್ಪತ್ತು ಡಾಲರ್ ಭಕ್ಷೀಸು ಅಂದ್ರೆ ಅವ್ರ ತಲೇಲಿ ತಕ್ಷಣ ಸಾವಿರದ ಏಳ್ನೂರು ರೂಪಾಯಿ ಅಂತ ಲೆಕ್ಕ ಓಡತ್ತೆ. ‘ಸಪ್ಲೈಯರ್‌ಗೆ ಸಂಬಳ ಕೊಡೋದು ಮಾಲೀಕನ ಕೆಲಸ, ನಂದಲ್ಲ’ ಅನ್ನೋದು ಅವ್ರ ವಾದ. ತಪ್ಪೂ ಅಲ್ಲ.

ನಾನು ಅವ್ರಿಗೆ ಕಾರಲ್ಲಿ ಹೇಳ್ಕೊಂಡ್ ಬಂದೆ. ಇಲ್ಲಿ ಟಿಪ್ಸ್ ಬರೋ ಕೆಲಸದೋರಿಗೆ ಕಡಿಮೆ ಸಂಬಳ ಕೊಡೋಕೆ ಕಾನೂನೇ ದಾರಿ ಮಾಡಿದೆ ಮಾವ, ಕೇಂದ್ರ ಸರ್ಕಾರದ ಲೆಕ್ಕದಲ್ಲಿ ಗಂಟೆಗೆ 2.13 ಡಾಲರ್, 1991ರಿಂದ ಅದೇ ಇದೆ, ಒಂದು ಪೈಸೆ ಏರಿಲ್ಲ, ನಮ್ಮ ಜಾರ್ಜಿಯಾದಲ್ಲೂ ಅಷ್ಟೇ. ಫ್ಲೋರಿಡಾದಲ್ಲಿ ಪರವಾಗಿಲ್ಲ, ಅಲ್ಲಿ ಮಾಮೂಲಿ ಕನಿಷ್ಠ ಕೂಲಿಗಿಂತ 3.02 ಡಾಲರ್ ಕಡಿಮೆ ಕೊಡ್ಬಹುದು, ನಾವು ಹೋದಾಗ ಕನಿಷ್ಠ ಕೂಲಿ 13 ಇತ್ತು, ಅಂದ್ರೆ ಸಪ್ಲೈಯರ್‌ಗೆ 9.98. ಮಿಕ್ಕಿದ್ದು ಗಿರಾಕಿ ಕೊಡೋ ಟಿಪ್ಸಿಂದ ತುಂಬ್ಕೋಬೇಕು. ಹಿಂದೆ ಈ ಪದ್ಧತಿ ವಿರುದ್ಧ ಇಲ್ಲೇ ಜಗಳ ಆಗಿತ್ತು, ವಾಷಿಂಗ್ಟನ್ ರಾಜ್ಯ 1909ರಲ್ಲಿ ಟಿಪ್ಸನ್ನೇ ನಿಷೇಧ ಮಾಡಿತ್ತು, ಆಮೇಲೆ ಆ ಥರದ ಕಾನೂನೆಲ್ಲ ಒಂದೊಂದಾಗಿ ತೆಗೆದ್ರು. ಮಾವ ಎಲ್ಲ ಕೇಳಿ, ‘ಹಾಗಾದ್ರೆ ಮೆನುಲಿ ಬರೆದಿರೋ ರೇಟೇ ಸುಳ್ಳು ಅಂತಾಯ್ತು’ ಅಂದ್ರು. ಬಜೆಟ್ ಮಾಡೋರಿಗೆ ಇದಕ್ಕಿಂತ ಒಳ್ಳೆ ಸೂತ್ರ ನಂಗೆ ಸಿಕ್ಕಿಲ್ಲ. ಒರ್ಲ್ಯಾಂಡೊ ಇರೋ ಆರೆಂಜ್ ಕೌಂಟೀಲಿ ಸೇಲ್ಸ್ ಟ್ಯಾಕ್ಸ್ ಆರೂವರೆ, ಟಿಪ್ಸ್ ಹದಿನೆಂಟು, ಸೇರಿದ್ರೆ ಇಪ್ಪತ್ನಾಲ್ಕೂವರೆ. ಅಂದ್ರೆ ಕೂತು ಊಟ ಮಾಡೋ ಯಾವ ಜಾಗದಲ್ಲೇ ಆದ್ರೂ ಮೆನು ರೇಟ್‌ಗೆ ಕಾಲು ಭಾಗ ಸೇರ್ಸಿ ನೋಡಿ, 20 ಅಂತ ಇದ್ರೆ ಅದು 25. ಈ ಲೆಕ್ಕದಲ್ಲೇ ಮೆನು ಓದಿದ್ರೆ ಬಿಲ್ ಬಂದಾಗ ಎದೆ ಧಸಕ್ ಅನ್ನಲ್ಲ.

ಡಿಸ್ನಿ ಒಳಗೆ ಯಾರಿಗೆ ಕೊಡ್ಬೇಕು, ಯಾರಿಗೆ ಬೇಡ ಅನ್ನೋದು ನಿಜ ಹೇಳ್ಬೇಕು ಅಂದ್ರೆ ಹೊರಗಿಗಿಂತ ಸುಲಭ. ರೈಡ್ ನಡೆಸೋರು, ಬಸ್ ಡ್ರೈವರ್‌ಗಳು, ಗೇಟಲ್ಲಿರೋರು, ಮಿಕ್ಕಿ ವೇಷ ಹಾಕಿ ಫೋಟೋಗೆ ನಿಲ್ಲೋರು, ಇವ್ರ್ಯಾರಿಗೂ ಕೊಡೋದಿಲ್ಲ. ಕೌಂಟರಲ್ಲಿ ತಗೊಂಡು ತಿನ್ನೋ ಜಾಗದಲ್ಲೂ ಬೇಡ, ಫೋನಲ್ಲಿ ಆರ್ಡರ್ ಮಾಡಿ ಹೋಗಿ ತಗೋಬಹುದು. ಕೊಡ್ಬೇಕಾಗಿರೋದು ಟೇಬಲ್‌ಗೆ ತಂದು ಬಡಿಸೋರಿಗೆ, ಹೋಟ್ಲಲ್ಲಿ ರೂಮ್ ಕ್ಲೀನ್ ಮಾಡೋರಿಗೆ ರಾತ್ರಿಗೆ ಎರಡರಿಂದ ಐದು ಡಾಲರ್, ಲಗೇಜ್ ಹೊರೋರಿಗೆ ಬ್ಯಾಗ್‌ಗೆ ಒಂದೋ ಎರಡೋ, ವ್ಯಾಲೆ ಪಾರ್ಕಿಂಗ್ ಮಾಡ್ಸಿದ್ರೆ ಕಾರು ತಂದುಕೊಟ್ಟಾಗ ಸ್ವಲ್ಪ. ರೂಮ್ ಕ್ಲೀನ್ ಮಾಡೋರ ಟಿಪ್ಸನ್ನ ದಿನಾ ಬೆಳಿಗ್ಗೆ ಇಡಿ, ಕೊನೇ ದಿನ ಒಟ್ಟಿಗೆ ಇಟ್ರೆ ನಾಲ್ಕು ದಿನ ಕೆಲಸ ಮಾಡಿದೋರು ಒಬ್ರು, ದುಡ್ಡು ಸಿಗೋದು ಐದನೇ ದಿನ ಬಂದ ಇನ್ಯಾರಿಗೋ. ಮತ್ತೆ ಒಂದು ಚೀಟೀಲಿ ಥ್ಯಾಂಕ್ಯೂ ಅಂತ ಬರೆದಿಡ್ಬೇಕು, ಇಲ್ಲ ಅಂದ್ರೆ ಯಾರೋ ಮರ್ತು ಬಿಟ್ಟು ಹೋಗಿದ್ದಾರೆ ಅಂತ ಅವ್ರು ಮುಟ್ಟೋದೇ ಇಲ್ಲ. ವಾಲ್ಡೋಸ್ಟಾದಲ್ಲಿ ಮಾವ ರೂಮಿಗೆ ಐದರಂತೆ ಹತ್ತು ಡಾಲರ್ ಇಟ್ರು, ಚೀಟೀನ ಮಗಳು ಬರೆದ್ಲು, ಮಾವ ಅದ್ರ ಕೆಳಗೆ ಕನ್ನಡದಲ್ಲಿ ರುಜು ಹಾಕಿದ್ರು. ಯಾಕೆ ಅಂತ ಕೇಳ್ಬೇಡಿ.

ಅನಿಮಲ್ ಕಿಂಗ್‌ಡಮ್‌ನಲ್ಲಿ ಸಫಾರಿ ಹತ್ತೋವಾಗ ಅತ್ತೆಗೆ ಗಾಲಿಕುರ್ಚಿ ಇತ್ತು, ಫ್ರೆಂಡ್ ಮನೆಯಿಂದ ತಂದಿದ್ವಿ, ಅಲ್ಲಿ ಬಾಡಿಗೆಗೂ ಸಿಗತ್ತೆ. ಅಲ್ಲಿದ್ದ ಒಬ್ಬ ಹುಡುಗಿ ಬಂದು ಬೇರೆ ದಾರೀಲಿ ಕರ್ಕೊಂಡು ಹೋಗಿ, ಅತ್ತೆ ನಿಧಾನ ಹತ್ತೋವರೆಗೂ ನಿಂತು, ಎಷ್ಟು ಪ್ರೀತಿಯಿಂದ ನೋಡ್ಕೊಂಡ್ಲು ಅಂದ್ರೆ ಮಾವ ಕರಗಿಹೋದ್ರು, ಕವರ್ ತೆಗೆದು ಐದು ಡಾಲರ್ ಚಾಚಿದ್ರು. ಅವಳು ನಗ್ತಾ ಬೇಡ ಬೇಡ ಅಂತ ಕೈ ಮುಗಿದ್ಲು. ಮಾವಂಗೆ ಸ್ವಲ್ಪ ಬೇಜಾರೇ ಆಯ್ತು, ‘ಕೊಡ್ತೀನಿ ಅಂದ್ರೆ ಬೇಡ ಅಂತಾರೆ, ಬೇಡ ಅಂದ್ರೆ ಬಿಲ್ಲಲ್ಲೇ ಹಾಕ್ತಾರೆ.’ ಆಗ ನಮ್ಮೆಜಮಾನ್ರು ಹೇಳಿದ್ರು, ಅಪ್ಪ, ಇಲ್ಲಿ ಅದಕ್ಕೆ ಬೇರೆ ದಾರಿ ಇದೆ ಅಂತ. ಡಿಸ್ನಿ ಆ್ಯಪಲ್ಲಿ ಕೆಲಸದೋರ ಹೆಸ್ರು ಹಾಕಿ ಮೆಚ್ಚುಗೆ ಬರೀಬಹುದು, ಅವ್ರ ಎದೆ ಮೇಲಿನ ಬ್ಯಾಡ್ಜಲ್ಲಿ ಹೆಸ್ರೂ ಇರತ್ತೆ, ಊರೂ ಇರತ್ತೆ. ಅದು ಅವ್ರ ಮೇಲಿನೋರಿಗೆ ಹೋಗಿ ತಲುಪತ್ತೆ. ಮಾವ ಸಫಾರಿ ಮುಗಿದ ಮೇಲೆ ಬೆಂಚ್ ಮೇಲೆ ಕೂತು ಕನ್ನಡದಲ್ಲಿ ಡಿಕ್ಟೇಷನ್ ಕೊಟ್ರು, ನಮ್ಮೆಜಮಾನ್ರು ಇಂಗ್ಲಿಷಲ್ಲಿ ಟೈಪ್ ಮಾಡಿದ್ರು, ಜಿರಾಫೆ ನೋಡೋಕೆ ಅಷ್ಟು ಹೊತ್ತು ತಗೊಂಡಿರ್ಲಿಲ್ಲ ನಾವು.

ಕೂತು ತಿಂದಿದ್ದು ಎರಡೇ ಸಲ. ಒಂದು ಸನಾ ಅಂತ, ಅನಿಮಲ್ ಕಿಂಗ್‌ಡಮ್ ಲಾಡ್ಜಿನ ಕಿದಾನಿ ವಿಲೇಜಲ್ಲಿದೆ. ಪಾರ್ಕ್ ಟಿಕೆಟ್ ಇಲ್ಲದೆನೂ ಹೋಗ್ಬಹುದು, ಅರವತ್ತು ದಿನ ಮುಂಚೆ ಬುಕಿಂಗ್ ತೆಗೀತಾರೆ, ಬುಕ್ ಮಾಡಿ ಹೋಗದೆ ಇದ್ರೆ ತಲೆಗೆ ಹತ್ತು ಡಾಲರ್ ಕಟ್ ಆಗತ್ತೆ, ಅದೂ ಬಜೆಟ್ಟಲ್ಲಿ ನೆನಪಿರ್ಲಿ. ಅಲ್ಲಿನ ಬ್ರೆಡ್ ಸರ್ವಿಸ್ ಫೇಮಸ್, ನಾನ್, ಕುಲ್ಚಾ, ಜೊತೆಗೆ ಒಂಬತ್ತು ಥರ ಚಟ್ನಿ, ಉಪ್ಪಿನಕಾಯಿ, ರಾಯ್ತ. ಅಮೆರಿಕದೋರು ಅದನ್ನ ಮೇಲೆ ಕೆಳಗೆ ಮಾಡಿ ಹೊಗಳ್ತಾರೆ, ನಮಗೆ ಅಷ್ಟೊಂದು ಏನಲ್ಲ ಬಿಡಿ, ಆದ್ರೆ ಕಿಟಕಿ ಆಚೆ ಜೀಬ್ರಾ, ಜಿರಾಫೆ ಮೇಯ್ತಾ ಇರೋವಾಗ ನಾನ್ ಹರ್ಕೊಂಡು ತಿನ್ನೋದು ಬೇರೆಲ್ಲೂ ಸಿಗಲ್ಲ. ಊಟ 150, ಟ್ಯಾಕ್ಸ್ ಹತ್ತು ಡಾಲರ್ ಹತ್ರ, ಮತ್ತೆ ಟಿಪ್ಸ್ 27 ಅಂತ ಮೊದ್ಲೇ ಪ್ರಿಂಟ್ ಆಗಿ ಬಂತು. ಆರು ಅನ್ನೋ ನಂಬರ್ ನೆನಪಿಟ್ಕೊಳ್ಳಿ ಅಂದಿದ್ನಲ್ಲ, ಡಿಸ್ನಿ ಹೋಟ್ಲುಗಳಲ್ಲಿ ಆರು ಅಥವಾ ಅದಕ್ಕಿಂತ ಜಾಸ್ತಿ ಜನ ಇದ್ರೆ ಹದಿನೆಂಟು ಪರ್ಸೆಂಟ್ ತಾವೇ ಸೇರಿಸ್ತಾರೆ, ಪುಟ್ಟ ಮಗೂನೂ ಒಂದು ತಲೆ. ಬಿಲ್ಲಲ್ಲಿ ಅದು ಸ್ಪಷ್ಟವಾಗಿ ಇತ್ತು, ಬಡಿಸಿದ ಹೆಂಗಸೂ ಬಾಯಿಬಿಟ್ಟು ಹೇಳಿದ್ರು, ಇದ್ರಲ್ಲಿ ಸೇರಿದೆ, ಮತ್ತೆ ಕೊಡೋದು ಬೇಡ ಅಂತ.

ಎರಡನೇದು ಹೊರಗಡೆ ಒಂದು ಇಂಡಿಯನ್ ಹೋಟ್ಲು, ಹೆಸ್ರು ಬೇಡ. ಹಾಲಿವುಡ್ ಸ್ಟುಡಿಯೋಸ್ ಮುಗಿಸಿ ಬಂದು ಅತ್ತೆ ಮಾವನ್ನೂ ಪುಟ್ಟನ್ನೂ ಎತ್ಕೊಂಡು ರಾತ್ರಿ ಒಂಬತ್ತಕ್ಕೆ ಹೋದ್ವಿ, ಎಲ್ರಿಗೂ ಹಸಿವು, ಪುಟ್ಟ ನಿದ್ದೆಗೆಟ್ಟು ಅಳ್ತಿದ್ದ. 120ರ ಊಟ. ಹುಡುಗ ಕಾರ್ಡ್ ಮೆಶೀನ್ ತಂದು ಸ್ಕ್ರೀನ್ ನಮ್ಮ ಕಡೆ ತಿರುಗಿಸಿದ, 18, 20, 25 ಅಂತ ಮೂರು ಬಟನ್ನು, ನಾನು ಮಗೂನ ಎತ್ಕೊಂಡೇ ಒಂದು ಕೈಯಲ್ಲಿ 20 ಒತ್ತಿದೆ. ಮನೆಗೆ ಬಂದು ಬಿಲ್ ನೋಡಿದ್ರೆ ಟ್ಯಾಕ್ಸ್ ಕೆಳಗೆ ಸಣ್ಣಕ್ಷರದಲ್ಲಿ ಗ್ರ್ಯಾಚುಟಿ, ಅಂದ್ರೆ ಟಿಪ್ಸೇ, 18 ಪರ್ಸೆಂಟ್, 21.60 ಅಂತ ಆಗ್ಲೇ ಇದೆ, ಅದ್ರ ಮೇಲೆ ನಾನು ಇನ್ನೊಂದು 24 ಕೊಟ್ಟಿದ್ದೀನಿ. ಒಂದೇ ಊಟಕ್ಕೆ 45.60 ಟಿಪ್ಸ್! ಫೋನ್ ಮಾಡಿ ಕೇಳು ಅಂದ್ರು ನಮ್ಮೆಜಮಾನ್ರು, ನಂಗೆ ಕೇಳೋಕೆ ನಾಚಿಕೆ, ಬಿಟ್ಟೆ. ತಪ್ಪು ಅರ್ಧ ನಂದೂ ಇದೆ, ಬಿಲ್ ಓದದೆ ಬಟನ್ ಒತ್ತಿದ್ದು ನಾನೇ. ಆದ್ರೆ ಸೇರಿಸಿದ ಮೇಲೂ ಆ ಸ್ಕ್ರೀನ್ ತೋರ್ಸೋದು ಸರೀನಾ ನೀವೇ ಹೇಳಿ. ಅವತ್ತಿಂದ ನಂದೊಂದು ನಿಯಮ, ಯಾವ ಮೆಶೀನ್ ಬಂದ್ರೂ ಮೊದ್ಲು ಪೇಪರ್ ಬಿಲ್ ಕೇಳಿ, ಗ್ರ್ಯಾಚುಟಿ, ಸರ್ವಿಸ್ ಚಾರ್ಜ್ ಈ ಎರಡು ಪದ ಹುಡುಕ್ತೀನಿ, ಹಿಂದೆ ಎಷ್ಟು ಜನ ಕಾಯ್ತಿದ್ರೂ ಪರವಾಗಿಲ್ಲ.

ಇನ್ನೊಂದು ಮರ್ತಿದ್ದೆ, ಟಿಪ್ಸ್ ಲೆಕ್ಕ ಟ್ಯಾಕ್ಸ್ ಸೇರೋಕೆ ಮುಂಚಿನ ಮೊತ್ತದ ಮೇಲೆ ಹಾಕಿದ್ರೆ ಸಾಕು, ಕೆಲವು ಮೆಶೀನ್ ಟ್ಯಾಕ್ಸ್ ಸೇರ್ಸಿ ಪರ್ಸೆಂಟ್ ತೋರಿಸ್ತವೆ. ಮತ್ತೆ ಕಾಫಿ ಅಂಗಡೀಲಿ ಬರೀ ಲೋಟ ಕೈಗೆ ಕೊಟ್ಟಿದ್ದಕ್ಕೆ ಸ್ಕ್ರೀನ್ ತಿರುಗಿಸಿದ್ರೆ ಸೊನ್ನೆ ಒತ್ತಿದ್ರೂ ಯಾರೂ ಏನೂ ಅನ್ನಲ್ಲ, ನಾನು ಮಾತ್ರ ದಾಕ್ಷಿಣ್ಯಕ್ಕೆ ಮೂರು ಡಾಲರ್ ಒತ್ತಿದೆ, ಕಾರ್ಡಲ್ಲಿ. ಒಂದು ರಾತ್ರಿ ಮನೆಗೆ ಪಿಜ್ಜಾ ತರಿಸಿದ್ವಿ, 30, ತಂದ ಹುಡುಗಂಗೆ ಮಾವ ಕವರಿಂದ ಆರು ಡಾಲರ್ ಕೊಟ್ರು, ಮಳೇಲಿ ಬಂದಿದ್ದಾನೆ ಪಾಪ ಅಂತ ಅವ್ರೇ ಎಣಿಸಿ ಕೊಟ್ರು. ಎರಡು ದಿನದ ಹಿಂದೆ ಮಾಲೀಕನ ಕೆಲಸ ಅಂದಿದ್ದೋರು.

ಪಾರ್ಕ್ ಹೇಗಿತ್ತು ಅಂತ ಹೇಳ್ದೆ ಬರೀ ದುಡ್ಡಿನ ಮಾತೇ ಆಯ್ತು. ಚೆನ್ನಾಗಿತ್ತು ರೀ, ಕ್ಲೀನು, ಕೆಲಸದೋರ ನಡವಳಿಕೆ, ಟಾಯ್ಲೆಟ್ಟು, ಗಾಲಿಕುರ್ಚಿಗೆ ದಾರಿ, ಇದ್ರಲ್ಲೆಲ್ಲ ಐದಕ್ಕೆ ಐದು. ದುಡ್ಡಿಗೆ ತಕ್ಕ ಬೆಲೆ ಅಂತ ಕೇಳಿದ್ರೆ ಮೂರೂವರೆ ಕೊಡ್ತೀನಿ. ಮ್ಯಾಜಿಕ್ ಕಿಂಗ್‌ಡಮ್‌ಗೆ ಕಾರು ನಿಲ್ಲಿಸಿದ ಮೇಲೆ ಮಾನೋರೈಲಲ್ಲೋ ದೋಣೀಲೋ ಕೆರೆ ದಾಟ್ಬೇಕು, ಮಾವಂಗೆ ಆ ಫೆರಿ ನೋಡಿ ಖುಷಿಯೋ ಖುಷಿ, ‘ನಮ್ಮ ಹೊಳೆಬಾಗಿಲು ಲಾಂಚೇ ಇದು, ಕಾರು ಹತ್ತಿಸಲ್ಲ ಅಷ್ಟೇ’ ಅಂತ. ಸಿಗಂದೂರಿಗೆ ಹೋಗೋರು ಹೊಳೆಬಾಗಿಲಲ್ಲಿ ಲಾಂಚ್ ಹತ್ತಿ ಶರಾವತಿ ಹಿನ್ನೀರು ದಾಟ್ಬೇಕಿತ್ತು, ಆಗಿನ್ನೂ ಸಿಗಂದೂರು ಸೇತುವೆ ಆಗಿರ್ಲಿಲ್ಲ. ಇಡೀ ದಿನದಲ್ಲಿ ಅವ್ರಿಗೆ ಅತಿ ಇಷ್ಟ ಆಗಿದ್ದು ಅದೇ, ಅದಕ್ಕೆ ಬೇರೆ ದುಡ್ಡೂ ಇಲ್ಲ. ಅನಿಮಲ್ ಕಿಂಗ್‌ಡಮ್‌ನ ಏಷ್ಯಾ ಭಾಗಕ್ಕೆ ಹೋದ್ರೆ ಅಲ್ಲೊಂದು ಕಾಲ್ಪನಿಕ ಊರು ಮಾಡಿದ್ದಾರೆ, ಅದ್ರ ಹೆಸ್ರು ಆನಂದಪುರ್! ಬೋರ್ಡ್ ನೋಡಿ ಮಾವ ನಿಂತ್ಬಿಟ್ರು. ಸಾಗರದಿಂದ ಶಿವಮೊಗ್ಗಕ್ಕೆ ಹೋಗೋ ದಾರೀಲಿ ಸಿಗೋ ನಮ್ಮ ಆನಂದಪುರ ಇವ್ರಿಗೆ ಹೇಗೆ ಗೊತ್ತು ಅಂತ. ಹಳೇ ಅರಮನೆ ಥರ ಗೋಡೆಗಳು, ಬಣ್ಣ ಹೋದ ಪೋಸ್ಟರ್‌ಗಳು, ಒಳಗೆ ನಿಜವಾದ ಹುಲಿಗಳು. ಅಲ್ಲಿ ನಿಂತು ಫೋಟೋ ತೆಗೆಸಿ ಊರಿನ ಗ್ರೂಪಿಗೆಲ್ಲ ಕಳ್ಸಿ ‘ಆನಂದಪುರಕ್ಕೆ ಬಂದಿದ್ದೇವೆ’ ಅಂತ ಬರೆದ್ರು, ಅರ್ಧ ಜನ ನಂಬಿ ವಾಪಸ್ ಯಾವಾಗ ಬಂದ್ರಿ, ಮನೆಗೆ ಬನ್ನಿ ಅಂತ ಫೋನ್ ಮಾಡಿದ್ರು. ಎಪ್ಕಾಟಲ್ಲಿ ಹನ್ನೊಂದು ದೇಶಗಳ ಪೆವಿಲಿಯನ್ ಇದೆ, ಇಂಡಿಯಾ ಇಲ್ಲ, ಮಗಳು ಯಾಕೆ ಅಂತ ಕೇಳಿದ್ಲು, ನನ್ ಹತ್ರ ಉತ್ತರ ಇರ್ಲಿಲ್ಲ. ರಾತ್ರಿ ಕ್ಯಾಸಲ್ ಮೇಲೆ ಪಟಾಕಿ ಶೋ ಮಾತ್ರ ತಪ್ಪಿಸ್ಬೇಡಿ, ಅತ್ತೆ ಕಣ್ಣಲ್ಲಿ ನೀರು ಬಂತು.

ಆಟಿಕೆ ಅಂಗಡಿಗಳು ದೊಡ್ಡ ಗಂಡಾಂತರ, ಎಷ್ಟೋ ರೈಡಿಂದ ಇಳಿದು ಹೊರಗೆ ಬರೋ ದಾರೀನೇ ಅಂಗಡಿ ಒಳಗಿಂದ. ಮಗಳಿಗೆ ಮುಂಚೇನೇ 50 ಡಾಲರ್ ಡಿಸ್ನಿ ಗಿಫ್ಟ್ ಕಾರ್ಡ್ ಕೊಟ್ಟು, ಇದು ನಿಂದು, ಖಾಲಿ ಆದ್ರೆ ಆಯ್ತು ಅಂದ್ವಿ. ಟಾರ್ಗೆಟ್ ಕಾರ್ಡ್ ಇದ್ರೆ ಅದನ್ನ ಐದು ಪರ್ಸೆಂಟ್ ಕಡಿಮೆಗೆ ತಗೋಬಹುದು. ಅವಳು ಮೂರು ದಿನ ಒಂದೂ ತಗೊಳ್ಳದೆ ಎಲ್ಲ ಬೆಲೆ ನೋಡಿ ನೋಡಿ, ಕೊನೆ ದಿನ ಒಂದೇ ಒಂದು ತಗೊಂಡ್ಲು. 100 ಅಂತ ಇಟ್ಟಿದ್ದ ಬಜೆಟ್ 165 ಆಗಿದ್ದು ಅವಳಿಂದ ಅಲ್ಲ, ಪುಟ್ಟಂಗೆ ಗುಳ್ಳೆ ಬಿಡೋ ಕೋಲು ಕೊಡಿಸಿದ ಅವರಪ್ಪನಿಂದ. ಮಳೆಗೆ ಪ್ಲಾಸ್ಟಿಕ್ ಕೋಟು ಮಾತ್ರ ಇಲ್ಲಿಂದ್ಲೇ ಡಾಲರ್ ಅಂಗಡೀಲಿ ತಗೊಂಡು ಹೋಗಿ.

ವಾಪಸ್ ಬಂದ ದಿನ ರಾತ್ರಿ ಎಲ್ಲ ಕೂಡಿಸಿದ್ವಿ. ಎರಡು ಹೋಟ್ಲೂಟ ಟಿಪ್ಸ್ ಬಿಟ್ಟು 289, ಟಿಪ್ಸೆಲ್ಲ ಸೇರಿ 92ರ ಹತ್ರ, ಆ ಡಬಲ್ ಕೊಟ್ಟಿದ್ದು ಬಿಟ್ರೆ 68ರೊಳಗೆ ಮುಗೀತಿತ್ತು, ಅಂದ್ರೆ 80 ಅಂತ ಹಾಕಿದ್ದ ಅಂದಾಜು ತಪ್ಪೇನಿರ್ಲಿಲ್ಲ. ಒಟ್ಟು 4,879. ಬಜೆಟ್ 4,500, ಹೆಚ್ಚಾಗಿದ್ದು 379. ಅದ್ರಲ್ಲಿ ಪಾರ್ಕಿಂಗ್ ಮರ್ತಿದ್ದು 120, ಆಟಿಕೆ 65, ಮಿಕ್ಕಿದ್ದಕ್ಕೆ ಮುಖ್ಯ ಕಾರಣ ಆ ಮನೆಯ ಫೀ, ಟ್ಯಾಕ್ಸ್. ಟಿಕೆಟ್ಟಲ್ಲಿ ಒಂದು ಡಾಲರೂ ಹೆಚ್ಚಾಗ್ಲಿಲ್ಲ, ದೊಡ್ಡ ಖರ್ಚಿಗೆ ನಾವು ತಿಂಗಳುಗಟ್ಲೆ ತಲೆ ಕೆಡಿಸ್ಕೊಂಡಿದ್ವಿ ನೋಡಿ. ಮಾವ ಅಷ್ಟೊತ್ತಿಗೆ ರೂಪಾಯಿಗೆ ತಿರುಗಿಸಿ, ನಾಲ್ಕು ಲಕ್ಷ ಇಪ್ಪತ್ತು ಸಾವಿರ, ‘ಎಂಟು ಕ್ವಿಂಟಾಲ್ ಅಡಿಕೆ ಹೋಯ್ತಲ್ಲ ಮಾರಾಯ್ತಿ’ ಅಂದ್ರು. ಅತ್ತೆ ಒಳಗಿಂದ್ಲೇ, ‘ಹೋದ್ರೆ ಹೋಗ್ಲಿ, ನೀವೇನು ಸುಲಿದಿದ್ರಾ’ ಅಂದ್ರು.

ಆಮೇಲೆ ಮಾವ ಟಿಪ್ಸ್ ಕವರ್ ತಂದು ಟೇಬಲ್ ಮೇಲೆ ಸುರಿದ್ರು. ನಲವತ್ತರಲ್ಲಿ ಹೋಟ್ಲ ರೂಮಿಗೆ ಹತ್ತು, ಪಿಜ್ಜಾ ಹುಡುಗಂಗೆ ಆರು, ಆ ಹುಡುಗಿ ಬೇಡ ಅಂದ ಐದು ಹಾಗೇ ಇದೆ. ಒಂದೊಂದೇ ನೋಟು ನೀಟಾಗಿ ಜೋಡಿಸಿ ಎಣಿಸಿದ್ರು, ಇಪ್ಪತ್ನಾಲ್ಕು. ‘ತಗೋ, ಆ ಹೋಟ್ಲಲ್ಲಿ ನೀನು ಕಳ್ಕೊಂಡಿದ್ದು ಇಲ್ಲಿದೆ’ ಅಂತ ನನ್ನ ಕೈಗಿಟ್ರು.